ಅರ್ಧ ಮ್ಯಾಟು, ಅರ್ಧ ಮಣ್ಣು

ಕಬಡ್ಡಿಯಲ್ಲಿ ರೈಡಿಗೆ ಹೋದವಳು ಎದುರಾಳಿಗಳ ಅಂಗಳದಲ್ಲಿ ಇರುವಷ್ಟು ಹೊತ್ತೂ ಒಂದೇ ಉಸಿರಿನಲ್ಲಿ ‘ಕಬಡ್ಡಿ ಕಬಡ್ಡಿ’ ಎನ್ನುತ್ತಿರಬೇಕು. ನಮ್ಮ ಕಡೆ ಅದಕ್ಕೆ ದಮ್ಮು ಎನ್ನುತ್ತಾರೆ. ದಮ್ಮು ಮುರಿದರೆ ಔಟ್. ಹಾಗಾಗಿ ನಡುಗೆರೆಯ ಪಕ್ಕದಲ್ಲಿ ಕುಳಿತು ಪಾಯಿಂಟು ಬರೆಯುವವರಿಗೆ ಕಣ್ಣಿನಷ್ಟೇ ಕಿವಿಯೂ ಚುರುಕಾಗಿರಬೇಕು. ಭಾಲ್ಕಿಯ ಮೈದಾನದಲ್ಲಿ ಆ ಮಧ್ಯಾಹ್ನ ನಾನು ಕುಳಿತದ್ದು ಅಲ್ಲೇ. ಮೂವರ ಹಿಡಿತದಲ್ಲಿ ಬಿದ್ದ ಹುಡುಗಿಯೊಬ್ಬಳ ದಮ್ಮು ಸಣ್ಣಗಾಗುತ್ತಾ ಹೋಯಿತು, ನೆಲದೊಳಗಿಂದ ಬಂದಂತೆ ಕೇಳಿಸಿತು, ನಿಂತಿತು. ಅಂಪೈರ್ ಸೀಟಿ ಊದಿದ್ದು ಆಮೇಲೆ. ನಡುವಿನ ಆ ಚೂರು ಹೊತ್ತು ಇಂದಿಗೂ ನನ್ನನ್ನು ಬಿಟ್ಟಿಲ್ಲ. ಕ್ಲಾಸಿನಲ್ಲಿ ಬೋರ್ಡಿನ ಕಡೆ ತಿರುಗಿದಾಗ, ಬಸ್ಸು ಥಟ್ಟನೆ ಬ್ರೇಕು ಹಾಕಿದಾಗ, ಕುಕ್ಕರಿನ ಸದ್ದು ಇದ್ದಕ್ಕಿದ್ದಂತೆ ಅಡಗಿದಾಗ ಅದು ಬಂದು ನಿಲ್ಲುತ್ತದೆ.

ನಾನು ಬೀದರಿನ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ಆಡಿದವಳಲ್ಲ. ಜಿಲ್ಲೆಯ ಹೆಣ್ಣುಮಕ್ಕಳ ಕಬಡ್ಡಿ ಲೀಗು ಶುರುವಾದಾಗ, ಲೆಕ್ಕ ಬಲ್ಲವರೊಬ್ಬರು ಬೇಕು ಎಂದು ಕರೆದರು, ಹೋದೆ. ಕರೆದವರು ಭಾಲ್ಕಿಯ ಒಬ್ಬ ನಿವೃತ್ತ ದೈಹಿಕ ಶಿಕ್ಷಕರು. ಎಲ್ಲರಿಗೂ ಅವರು ಮಾಸ್ತರ್ರು. ಭುಜದ ಮೇಲೆ ಸದಾ ಒಂದು ಟಾವೆಲ್, ಬಾಯಲ್ಲಿ ಸದಾ ಒಂದು ರಾಜಿ. ಅಣ್ಣತಮ್ಮಂದಿರ ಬದುವಿನ ಜಗಳವನ್ನೂ ಅವರೇ ಬಗೆಹರಿಸುತ್ತಿದ್ದರಂತೆ.

ತಂಡಗಳನ್ನು ಎರಡು ಗುಂಪು ಮಾಡಿದೆವು. ಬಲವಾದವು ಒಂದರಲ್ಲಿ, ಹೊಸವು ಇನ್ನೊಂದರಲ್ಲಿ. ಹೆಸರಿಡುವಾಗಲೇ ಮೊದಲ ತಕರಾರು ಬಂತು. ‘ಮೇಲಿನ ಗುಂಪು, ಕೆಳಗಿನ ಗುಂಪು’ ಎಂದು ನಾನು ಬರೆದುಕೊಂಡು ಹೋಗಿದ್ದೆ. ಔರಾದ ಕಡೆಯ ತಂಡದ ಜವಾಬ್ದಾರಿ ಹೊತ್ತ ಶಿಕ್ಷಕಿ ಅದನ್ನು ಓದಿ ಹಾಳೆಯನ್ನು ನನ್ನ ಕಡೆಗೇ ಸರಿಸಿದರು. ಅವರದು ಬೌದ್ಧ ಮನೆತನ, ಅಜ್ಜನ ಕಾಲದಿಂದ ಓದಿಕೊಂಡವರು.

“ಮ್ಯಾಲ, ತಳಗ ಅನ್ನೋ ಮಾತು ಭಾಳ ಕೇಳೀವ್ರಿ ಮೇಡಂ. ಬ್ಯಾರೆ ಹೆಸರು ಹುಡುಕ್ರಿ.”

ನಾನು ಅಲ್ಲೇ ಆ ಹೆಸರುಗಳನ್ನು ಹೊಡೆದು ಹಾಕಿದೆ. ಬಸವಣ್ಣನ ಹೆಸರು ಹೇಳಿ ಊಟಕ್ಕೆ ಕೂರುವ ಊರುಗಳಲ್ಲಿ ಆ ಮಾತುಗಳನ್ನು ಬರೆದದ್ದೇ ತಪ್ಪು. ಬಲವಾದ ತಂಡಗಳು ಬೀದರಿನ ಒಳಾಂಗಣದಲ್ಲಿ ಮ್ಯಾಟಿನ ಮೇಲೆ ಆಡುತ್ತಿದ್ದವು. ಅದು ಹಾಲ್ ಗುಂಪು ಆಯಿತು. ಉಳಿದವು ಊರೂರಿನ ಮಣ್ಣಿನ ಅಂಗಳದಲ್ಲಿ ಆಡುತ್ತಿದ್ದವು. ಅದು ಮೈದಾನ ಗುಂಪು. ಹೆಸರು ಬದಲಾದರೂ ಬಾಯಿ ಬದಲಾಗಲಿಲ್ಲ. ಆ ಶಿಕ್ಷಕಿಯೂ ಸೇರಿದಂತೆ ಎಲ್ಲರೂ ‘ಮ್ಯಾಲ ಹೋಗೋದು’ ಎಂದೇ ಅನ್ನುತ್ತಿದ್ದರು.

ಹೇಗೆ ಮೇಲೆ ಹೋಗುವುದು, ಹೇಗೆ ಕೆಳಗೆ ಬರುವುದು ಎಂಬುದೇ ನಿಜವಾದ ಕೆಲಸ. ಹಾಲ್ ಗುಂಪಿನ ಕೊನೆಯ ತಂಡ ಇಳಿಯಲಿ, ಮೈದಾನ ಗುಂಪಿನ ಮೊದಲ ತಂಡ ಏರಲಿ ಎಂದು ನಾನು ಹೇಳಿದೆ. ಬೀದರ ತಂಡದ ಕೋಚ್ ಒಪ್ಪಲಿಲ್ಲ. ಹಾಲಿನ ಕೊನೆಯವರು ಸೋತದ್ದು ಗಟ್ಟಿ ತಂಡಗಳ ಎದುರು, ಮೈದಾನದ ಮೊದಲನೆಯವರು ಗೆದ್ದದ್ದು ಹೊಸಬರ ಎದುರು, ಇವೆರಡನ್ನು ಒಂದೇ ತಕ್ಕಡಿಯಲ್ಲಿ ಹೇಗೆ ತೂಗುತ್ತೀರಿ ಎಂದರು. ಅದು ಸರಿಯಾದ ಪ್ರಶ್ನೆಯೇ. ಔರಾದ ಶಿಕ್ಷಕಿ ಹೇಳಿದ್ದೂ ಸರಿಯೇ: ಬಾಗಿಲು ಒಳಗಿನವರ ಕೈಯಲ್ಲಿದ್ದರೆ ಹೊರಗಿನವರು ಯಾವತ್ತೂ ಹೊರಗೇ. ಕೊನೆಗೆ ಆ ಎರಡು ತಂಡಗಳ ನಡುವೆ ಒಂದು ನಿರ್ಣಾಯಕ ಪಂದ್ಯ ಎಂದಾಯಿತು. ಬೀದರೂ ಬೇಡ, ಔರಾದವೂ ಬೇಡ, ಭಾಲ್ಕಿಯಲ್ಲಿ ಆಗಲಿ. ಗೆದ್ದವರು ಹಾಲಿಗೆ, ಸೋತವರು ಮೈದಾನಕ್ಕೆ.

ಆ ವರ್ಷ ಹಾಲಿನಲ್ಲಿ ಕೊನೆಗೆ ಉಳಿದದ್ದು ಬೀದರ ನಗರದ ತಂಡ. ಮೈದಾನದಲ್ಲಿ ಮೊದಲು ಬಂದದ್ದು ಔರಾದ ತಂಡ. ಹುಡುಗಿಯರೆಲ್ಲ ಚಿಂತಾಕಿ ಮತ್ತು ಅದರ ಆಸುಪಾಸಿನ ಹಳ್ಳಿಗಳವರು.

ಬೀದರದವರಿಗೆ ಇಳಿಯುವುದೆಂದರೆ ಮಾನದ ಪ್ರಶ್ನೆ. ಔರಾದದವರಿಗೆ ಪ್ರಶ್ನೆ ಬೇರೆಯೇ ಇತ್ತು. ಮೈದಾನ ಗುಂಪಿನ ಪಂದ್ಯಗಳು ಶಾಲೆ, ಕಾಲೇಜು ಬಿಟ್ಟ ಮೇಲೆ ಊರೂರಿನಲ್ಲಿ ನಡೆಯುತ್ತಿದ್ದವು. ಮುಗಿಯುವುದರೊಳಗೆ ಹೊತ್ತು ಮುಳುಗುತ್ತಿತ್ತು. ಔರಾದಕ್ಕೆ ರೈಲಿಲ್ಲ, ಬಸ್ಸೇ ಗತಿ. ಕೊನೆಯ ಬಸ್ಸು ತಪ್ಪಿದರೆ ಸೋಯಾ ಚೀಲ ಇಳಿಸಿ ಬರುವ ಟೆಂಪೋಗೆ ಕೈ ಮಾಡಬೇಕು. ಹುಡುಗಿಯರು ಹಾಗೆ ಬಂದದ್ದು ಮನೆಗಳಿಗೆ ಗೊತ್ತಾಗಿ, ಇನ್ನು ಸಾಕು ಎಂದಿದ್ದರು. ಹಾಲ್ ಗುಂಪಾದರೆ ಪಂದ್ಯಗಳೆಲ್ಲ ರಜೆಯ ದಿನ, ಬೀದರಿನಲ್ಲೇ, ಬೆಳಿಗ್ಗೆ. ಉಳಿಯಲು ಹುಡುಗಿಯರ ಹಾಸ್ಟೆಲ್ಲಿನಲ್ಲಿ ಕೋಣೆ. ತಂಡದ ಮುಖ್ಯ ರೈಡರಳ ತಾಯಿ ಮನೆಮನೆಗೆ ಹೋಗಿ ಒಂದು ಮಾತು ಗಿಟ್ಟಿಸಿಕೊಂಡು ಬಂದಿದ್ದಳು. ಈ ವರ್ಷ ಮೇಲೆ ಹೋದರೆ ಬೀದರಕ್ಕೆ ಕಳಿಸುತ್ತಾರೆ. ಹೋಗದಿದ್ದರೆ ಆಟ ಮುಗಿಯಿತು, ತಂಡವೂ ಮುಗಿಯಿತು. ಆ ತಾಯಿ ಹೂಂ ಅಂದರೆ ಉಳಿದ ಮನೆಗಳು ಹೂಂ, ಅವಳು ಊಹೂಂ ಅಂದರೆ ಎಲ್ಲವೂ ಊಹೂಂ. ಇದು ನಮಗೆಲ್ಲರಿಗೂ ಗೊತ್ತಿತ್ತು.

ಇನ್ನು ಉಳಿದದ್ದು ನೆಲ.

ಮ್ಯಾಟಿನ ಮೇಲೆ ಬೂಟು ಹಾಕಿ ಆಡುತ್ತಾರೆ, ಮಣ್ಣಿನಲ್ಲಿ ಬರಿಗಾಲು. ಮ್ಯಾಟು ಹಾಸದಿದ್ದರೆ ನಮ್ಮ ತಂಡ ಬರುವುದಿಲ್ಲ ಎಂದರು ಬೀದರ ಕೋಚ್. ಮ್ಯಾಟು ಹಾಸಿದರೆ ನಮ್ಮ ಹುಡುಗಿಯರು ಜಾರಿ ಬೀಳುತ್ತಾರೆ, ಅವರು ಅದನ್ನು ಮುಟ್ಟಿಯೂ ನೋಡಿಲ್ಲ ಎಂದರು ಔರಾದ ಶಿಕ್ಷಕಿ. ಚೀಟಿ ಎತ್ತೋಣವೆಂದರೆ ಇಬ್ಬರೂ ಒಪ್ಪಲಿಲ್ಲ. ಮೊದಲರ್ಧ ಮ್ಯಾಟಿನ ಮೇಲೆ, ಎರಡನೆಯದು ಮಣ್ಣಿನಲ್ಲಿ ಎಂದೆ. ಮ್ಯಾಟು ಸುತ್ತಿ ತೆಗೆಯುವಷ್ಟರಲ್ಲಿ ಔರಾದ ಬಸ್ಸು ಹೋಗಿರುತ್ತದೆ ಎಂದು ಶಿಕ್ಷಕಿ ನಕ್ಕರು. ಭಾಲ್ಕಿ ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಕುಳಿತಿದ್ದೆವು. ಚಹಾ ಆರಿಹೋಗಿತ್ತು. ಲೀಗು ಅಲ್ಲೇ ಒಡೆಯುತ್ತದೆ ಅನ್ನಿಸಿತು.

ಆಗ ಮಾಸ್ತರ್ರು ಭುಜದ ಟಾವೆಲನ್ನು ತೆಗೆದು ಟೇಬಲ್ಲಿನ ಮೇಲೆ ಹರಡಿದರು. ಅರ್ಧದ ಮೇಲೆ ಪೇಪರು ಮುಚ್ಚಿದರು. ಪೇಪರು ಮ್ಯಾಟು, ಟಾವೆಲ್ಲು ಮಣ್ಣು.

“ಬೀದರದವರು ಮ್ಯಾಟಿನ ಮ್ಯಾಲ ನಿಂದ್ರಲಿ. ಔರಾದದವರು ಮಣ್ಣಿನಾಗ ನಿಂದ್ರಲಿ. ಹಿಡಿಯೋದು ತಮ್ಮ ನೆಲದಾಗ, ಮುಟ್ಟಲಿಕ್ಕ ಹೋಗೋದು ಅವರ ನೆಲಕ್ಕ. ಇಬ್ಬರಿಗೂ ಅಷ್ಟೇ ಸುಖ, ಅಷ್ಟೇ ತ್ರಾಸ. ಇನ್ಸಾಫ್, ನ್ಯಾಯ ಅಂದ್ರ ಇದೇ ನೋಡ್ರಿ.”

“ಮತ್ತ ಅಂಪೈರಗ ಒಂದೇ ಕಾಲಿಗಿ ಬೂಟ್ ಹಾಕಸ್ತೀರೇನ್ರಿ ಮಾಸ್ತರ್ರೇ?” ಎಂದರು ಔರಾದ ಶಿಕ್ಷಕಿ.

ಕೋಚ್ ಕೂಡ ನಕ್ಕುಬಿಟ್ಟರು. ನಕ್ಕ ಮೇಲೆ ಬೇಡ ಎನ್ನುವುದು ಕಷ್ಟ. ನಾನು ಟಾವೆಲನ್ನೇ ನೋಡುತ್ತಿದ್ದೆ. ಯಾವ ಕಡೆಯಿಂದ ನೋಡಿದರೂ ಲೆಕ್ಕ ಸಮವಾಗಿತ್ತು. ಅರ್ಧಕ್ಕೆ ಅಂಗಳ ಬದಲಿಸುವುದೂ ಬೇಡ ಎಂದಾಯಿತು. ನಡುಗೆರೆಗೆ ಸುಣ್ಣ ಹಾಕುವ ಅಗತ್ಯವೂ ಇರಲಿಲ್ಲ, ಮ್ಯಾಟಿನ ಅಂಚೇ ನಡುಗೆರೆ. ಎಲ್ಲರೂ ಇನ್ನೊಂದು ಸುತ್ತು ಚಹಾ ಹೇಳಿದರು.

ಕಬಡ್ಡಿಯಲ್ಲಿ ಸಿಕ್ಕಿಬಿದ್ದವಳು ಎಲ್ಲಿಗೆ ಮೈ ಎಳೆದುಕೊಂಡು ಹೋಗುತ್ತಾಳೆ? ನಡುಗೆರೆಗೆ. ಹಿಡಿದವರು ಎಲ್ಲಿಗೆ ಬಂದು ಅವಳ ಮೇಲೆ ಬೀಳುತ್ತಾರೆ? ನಡುಗೆರೆಯ ಹತ್ತಿರ. ಇಡೀ ಆಟದಲ್ಲಿ ಮೈಗೆ ಮೈ ಜಜ್ಜುವ ಜಾಗ ಅದೊಂದೇ. ನಾವು ಎರಡು ನೆಲಗಳನ್ನು ತಂದು ಸೇರಿಸಿದ್ದು ಅಲ್ಲೇ. ಟೇಬಲ್ಲಿನ ಮೇಲೆ ಪೇಪರಿನ ಅಂಚು ತೆಳ್ಳಗಿತ್ತು, ಕಾಣಿಸಲಿಲ್ಲ.

ಪಂದ್ಯದ ದಿನ ಬೀದರಿನಿಂದ ಮ್ಯಾಟಿನ ಚೌಕಗಳು ಸಣ್ಣ ಬಾಡಿಗೆ ಗೂಡ್ಸ್ ಗಾಡಿಯಲ್ಲಿ ಬಂದವು. ಹಲ್ಲಿಗೆ ಹಲ್ಲು ಸೇರಿಸಿ ಅಂಗಳದ ಅರ್ಧಕ್ಕೆ ಹಾಸಿದರು. ಬೆರಳು ದಪ್ಪದ ಚೌಕಗಳು. ಹಾಲಿನಲ್ಲಿ ಸುತ್ತಲೂ ಇಳಿಜಾರು ಪಟ್ಟಿ ಇರುತ್ತದೆ; ನಡುವೆ ಪಟ್ಟಿ ಹಾಕಿದರೆ ಗೆರೆ ಯಾವುದೆಂದು ಜಗಳವಾದೀತೆಂದು ಅದನ್ನು ತಂದಿರಲಿಲ್ಲ.

ಆಟಕ್ಕೆ ಮೊದಲು ಮಣ್ಣಿನ ಅಂಗಳಕ್ಕೆ ನೀರು ಹೊಡೆಯುವುದು ನಮ್ಮ ಕಡೆಯ ಮರ್ಯಾದೆ. ಬಂದವರ ಕಾಲಿಗೆ ಧೂಳು ಏಳಬಾರದು. ಮನೆ ಮುಂದೆ ನೀರು ಚಿಮುಕಿಸಿದ ಹಾಗೆಯೇ ಅದು, ಯಾರೂ ಹೇಳಿ ಮಾಡಿಸುವುದಲ್ಲ. ಭಾಲ್ಕಿಯವರು ಅಂದು ಇನ್ನೂ ಪ್ರೀತಿಯಿಂದ ಹೊಡೆದರು. ಅಂಚಿನ ಉದ್ದಕ್ಕೂ ಎರಡು ಸಲ ಹೊಡೆದರು, ಬೀದರದವರ ಮ್ಯಾಟಿನ ಮೇಲೆ ಧೂಳು ಹಾರದಿರಲಿ ಎಂದು. ನೀರು ಹೊಳೆದು, ಇಂಗಿ, ಮೆಲ್ಲಗೆ ಮ್ಯಾಟಿನ ಕೆಳಕ್ಕೂ ಹೋಯಿತು.

ಅಂಪೈರ್ ಅಂಗಳ ಸುತ್ತುವಾಗ ಅಂಚಿನ ಒಂದು ಚೌಕ ಅವರ ಕಾಲಡಿ ಸರಿಯಿತು. ಅವರು ಅದನ್ನು ಪಾದದಿಂದ ಒತ್ತಿ ಸರಿಮಾಡಿ ಮುಂದೆ ಹೋದರು. ನಾವೆಲ್ಲ ನೋಡಿದೆವು. ಮಾಸ್ತರ್ರು ನೋಡಿದರು, ಕೋಚ್ ನೋಡಿದರು. ಚೌಕ ಮತ್ತೆ ತನ್ನ ಜಾಗದಲ್ಲಿ ಚೆಂದವಾಗಿ ಕೂತಿತ್ತು.

ರೈಡರ್ ಹುಡುಗಿಯ ತಾಯಿ ನನ್ನ ಕುರ್ಚಿಯ ಹಿಂದೆ ನೆಲದ ಮೇಲೆ ಕುಳಿತಿದ್ದಳು. ಮಗ್ಗುಲಲ್ಲಿ ಬುತ್ತಿ, ತಂಡಕ್ಕೆಲ್ಲ ಸಾಲುವಷ್ಟು ಒಣಗಿಸಿದ ಕಟಿ ರೊಟ್ಟಿ, ನಂಚಿಕೊಳ್ಳಲು ಶೇಂಗಾ ಹಿಂಡಿ. ಅವಳು ಆಟಕ್ಕಿಂತ ಹೆಚ್ಚು ಸೂರ್ಯನನ್ನು ನೋಡುತ್ತಿದ್ದಳು. ಆಗಾಗ ಯಾರು ಮುಂದಿದ್ದಾರೆ ಎಂದು ನನ್ನನ್ನು ಕೇಳುತ್ತಿದ್ದಳು. ನಾನು ಹೇಳಿದರೆ ತಲೆಯಾಡಿಸಿ ಮತ್ತೆ ಬಿಸಿಲಿನ ಕಡೆ ಕಣ್ಣು.

ಆಟ ವಿಚಿತ್ರವಾಗಿತ್ತು. ಔರಾದ ಹುಡುಗಿಯರ ಒದ್ದೆ ಮಣ್ಣಿನ ಪಾದಗಳು ಮ್ಯಾಟಿನ ಮೇಲೆ ಕೆಂಪು ಗುರುತು ಬಿಟ್ಟು ಕೀಚಲು ದನಿ ಮಾಡುತ್ತಿದ್ದವು. ಬೀದರ ಹುಡುಗಿಯರ ಬೂಟುಗಳು ಮಣ್ಣಿನಲ್ಲಿ ಭಾರವಾಗುತ್ತಿದ್ದವು. ಬೂಟು ಬಿಚ್ಚಿ ಬಾ ತಂಗಿ, ಇದು ನಮ್ಮ ಹೊಲ ಎಂದು ಜನ ಕೂಗಿದರು. ಇತ್ತ ಯಾರಾದರೂ ಮ್ಯಾಟಿನ ಮೇಲೆ ಜಾರಿದರೆ ನೆಲಕ್ಕೆ ಎಣ್ಣೆ ಹಚ್ಚೀರೇನು ಎಂದು ಇನ್ನೊಂದು ಕಡೆಯವರು ಕೂಗಿದರು. ಅಂಚಿನ ಮೇಲೆ ಒಬ್ಬಳ ಕಾಲು ಮಡಚಿತು, ಕೊಡವಿಕೊಂಡು ಎದ್ದಳು. ಇನ್ನೊಬ್ಬಳು ಮುಗ್ಗರಿಸಿ ಬಿದ್ದು ತಾನೇ ನಕ್ಕಳು. ಪಾಯಿಂಟು ಮಾತ್ರ ನಾವು ಅಂದುಕೊಂಡಂತೆಯೇ ಸಮಸಮ ಹೋಗುತ್ತಿತ್ತು. ಮಾಸ್ತರ್ರು ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು.

ಕೊನೆಯ ರೈಡು ಬಂದಾಗ ಔರಾದ ಒಂದೇ ಪಾಯಿಂಟು ಹಿಂದೆ ಇತ್ತು. ರೈಡರ್ ಹುಡುಗಿ ಬಗ್ಗಿ ಮಣ್ಣು ಮುಟ್ಟಿ, ಅದನ್ನೇ ಅಂಗೈಗೆ ಉಜ್ಜಿ, ಅಂಚು ದಾಟಿ ಮ್ಯಾಟಿಗೆ ಕಾಲಿಟ್ಟಳು. ನನ್ನ ಹಿಂದೆ ತಾಯಿ ಬುತ್ತಿ ಸರಿಸಿ ಮಂಡಿಯೂರಿ ಎದ್ದದ್ದು ಕೇಳಿಸಿತು.

ದಮ್ಮು ಗಟ್ಟಿಯಾಗಿ ಕೇಳುತ್ತಿತ್ತು. ಹುಡುಗಿ ಮೂಲೆಯವರೆಗೆ ಹೋಗಿ, ಒಬ್ಬಳ ಭುಜ ಸವರಿ, ತಿರುಗಿದಳು. ಬೀದರ ತಂಡದ ಒಬ್ಬ ಹುಡುಗಿ ನೆಲಕ್ಕೆ ಹಾರಿ ಅವಳ ಹಿಮ್ಮಡಿ ಹಿಡಿದಳು. ರೈಡರ್ ಬಿದ್ದಳು, ಮೊಣಕೈ ಊರಿ ಮೈ ಎಳೆದುಕೊಳ್ಳುತ್ತ ಅಂಚಿನ ಕಡೆ ಬಂದಳು. ಭುಜ ಸವರಿಸಿಕೊಂಡವಳೂ ಇನ್ನೊಬ್ಬಳೂ ಬಂದು ಬೆನ್ನ ಮೇಲೆ ಬಿದ್ದರು. ದಮ್ಮು ಇನ್ನೂ ಇತ್ತು. ಅವಳ ಬಲಗೈ ಅಂಚಿನ ಆಚೆ ಚಾಚಿಕೊಂಡದ್ದು ಕಂಡಿತು. ಅದೇ ಹೊತ್ತಿಗೆ ಅವಳ ಎದೆಯ ಕೆಳಗಿನ ಚೌಕ, ಆ ಸರಿದಿದ್ದ ಚೌಕ, ಹಲ್ಲು ಬಿಚ್ಚಿ ಹಿಂದಕ್ಕೆ ಜಾರಿತು. ತಲೆ ಮುಂದೆ ಮಗುಚಿ, ಮ್ಯಾಟಿಗೂ ಮಣ್ಣಿಗೂ ನಡುವೆ ತೆರೆದ ಸಂದಿಗೆ ಹೋಯಿತು. ಗದ್ದ ಎದೆಗೆ ಒತ್ತಿತು. ಮೇಲಿದ್ದವರ ಭಾರವೆಲ್ಲ ಕುತ್ತಿಗೆಯ ಮೇಲೆ.

ನಾನು ಕುತ್ತಿಗೆ ನೋಡುತ್ತಿದ್ದೆ. ಅಷ್ಟು ಬಾಗಬಾರದಾಗಿತ್ತು.

ದಮ್ಮು ನಿಂತಿತು. ಸೀಟಿ ಕೇಳಿಸಿತು. ಸೀಟಿಯ ಹಿಂದೆಯೇ ಇಡೀ ಮೈದಾನ ಎದ್ದು ನಿಂತಿತು. ಮುಟ್ಟಿದಳು ಎಂದು ಅರ್ಧ ಜನ, ಇಲ್ಲ ಎಂದು ಇನ್ನರ್ಧ. ಕೈ ಗೆರೆ ಮುಟ್ಟಿದ್ದು ದಮ್ಮು ಮುರಿಯುವ ಮೊದಲಾದರೆ ಔರಾದಕ್ಕೆ ಮೂರು ಪಾಯಿಂಟು, ಗೆಲುವು. ಆಮೇಲಾದರೆ ಅವಳು ಔಟ್, ಬೀದರ ಉಳಿಯಿತು. ಅಂಪೈರ್ ನನ್ನ ಕಡೆ ತಿರುಗಿದರು. ಗೆರೆಯ ಪಕ್ಕದಲ್ಲಿದ್ದವಳು ನಾನೊಬ್ಬಳೇ.

“ಕೈ ಮುಟ್ಟಿತ್ತೇನ್ರಿ ಮೇಡಂ, ಇಲ್ಲೋ?”

ಮೇಲಿದ್ದವರು ಇನ್ನೂ ಪೂರ್ತಿ ಎದ್ದಿರಲಿಲ್ಲ. ಕೆಳಗಿದ್ದವಳು ಅಲುಗುತ್ತಿರಲಿಲ್ಲ. ನಾಲ್ಕೂ ಕಡೆಯಿಂದ ಅದೇ ಪ್ರಶ್ನೆ, ಮುಟ್ಟಿತ್ತೋ ಇಲ್ಲೋ. ಅವಳು ಉಸಿರಾಡುತ್ತಿದ್ದಾಳೋ ಇಲ್ಲವೋ ಎಂದು ಯಾರೂ ಕೇಳುತ್ತಿರಲಿಲ್ಲ. ನಾನು ಆಗಾಗ ಕನಸಿನಲ್ಲಿ ಉತ್ತರಿಸುತ್ತೇನೆ. ಒಮ್ಮೆ ಹೌದು ಎನ್ನುತ್ತೇನೆ, ಒಮ್ಮೆ ಇಲ್ಲ. ಹುಡುಗಿ ಮಾತ್ರ ಹಾಗೇ ಬಿದ್ದಿರುತ್ತಾಳೆ.

ಬೀದರ ಹುಡುಗಿಯರು ಎದ್ದು ಸರಿದರು. ಯಾರೋ ಇಬ್ಬರು ಗಂಡಸರು ಓಡಿ ಬಂದು ಅವಳ ಕಂಕುಳಿಗೆ ಕೈ ಹಾಕಿ ಎಬ್ಬಿಸಲು ನೋಡಿದರು; ನಮ್ಮಲ್ಲಿ ಬಿದ್ದವರನ್ನು ಮೊದಲು ಎಬ್ಬಿಸಿ ಕೂರಿಸಿ ನೀರು ಕುಡಿಸುತ್ತಾರೆ. ಹಿಮ್ಮಡಿ ಹಿಡಿದಿದ್ದ ಬೀದರ ಹುಡುಗಿ ಅವರ ಕೈ ತಳ್ಳಿದಳು.

“ಎತ್ತಬ್ಯಾಡ್ರಿ. ಕುತ್ತಿಗಿ ಅದು.”

ಅವಳು ರೈಡರಳ ತಲೆಯ ಎರಡೂ ಬದಿಗೆ ಅಂಗೈ ಇಟ್ಟು ಮೊಣಕಾಲೂರಿ ಕುಳಿತಳು. ಆಗ ನನಗೆ ಕಾಲು ಬಂದವು. ಹೋಗಿ ಬಾಯಿಯ ಹತ್ತಿರ ಕೆನ್ನೆ ಇಟ್ಟೆ. ಉಸಿರಿತ್ತು. ಬಿಸಿಯಾಗಿ, ಮಣ್ಣಿನ ವಾಸನೆಯ ಉಸಿರು. ಕಣ್ಣು ತೆರೆದಳು. ಬೆರಳು ಆಡಿಸು ಎಂದೆ. ಎಡಗೈಯ ಬೆರಳು ಆಡಿದವು. ಬಲಗೈ, ಅಂಚಿನ ಆಚೆ ಚಾಚಿದ್ದ ಕೈ, ಸುಮ್ಮನಿತ್ತು.

“ಆಡಿಸ್ಲಿಕತ್ತೀನ್ರಿ,” ಎಂದಳು. ಆಡುತ್ತಿರಲಿಲ್ಲ.

ತಾಯಿ ಬಂದು ನಿಂತಿದ್ದಳು. ಅವಳು ಆ ಕೈಯನ್ನು ನೋಡಿದಳು. ಅಳಲಿಲ್ಲ. ಮಗಳ ಕಾಲಿನ ಹತ್ತಿರ ಕುಳಿತು ಎರಡೂ ಪಾದಗಳನ್ನು ಸೆರಗಿನಿಂದ ಒರೆಸತೊಡಗಿದಳು, ಮಣ್ಣು ಹೋದ ಮೇಲೂ ಒರೆಸುತ್ತಲೇ ಇದ್ದಳು.

ಆಂಬುಲೆನ್ಸ್ ಗೇಟಿನ ಹತ್ತಿರ ಬಂದಾಗ ಜನ, ಬೈಕು, ಗೂಡ್ಸ್ ಗಾಡಿ ಎಲ್ಲ ಅಡ್ಡ. ಒಳಗೆ ಬರಲಾಗಲಿಲ್ಲ. ನನ್ನ ಪಾಯಿಂಟು ಬರೆಯುವ ಕರಿ ಹಲಗೆಯನ್ನು ಸ್ಟ್ಯಾಂಡಿನಿಂದ ಬಿಚ್ಚಿ, ಅವಳನ್ನು ಅಲುಗದಂತೆ ಅದರ ಮೇಲೆ ಸರಿಸಿ, ಹೊತ್ತುಕೊಂಡು ಹೋದೆವು. ಬೀದರ ಹುಡುಗಿ ತಲೆ ಬಿಡದೆ ಪಕ್ಕದಲ್ಲೇ ಅಡ್ಡಡ್ಡ ಹೆಜ್ಜೆ ಹಾಕುತ್ತ ಬಂದಳು. ಆಸ್ಪತ್ರೆಯಲ್ಲಿ ಹಲಗೆ ವಾಪಸ್ಸು ಕೊಟ್ಟಾಗ ಅದರಲ್ಲಿ ಏನೂ ಇರಲಿಲ್ಲ. ಸೀಮೆಸುಣ್ಣದ ಅಂಕಿಗಳೆಲ್ಲ ಅವಳ ಜೆರ್ಸಿಯ ಬೆನ್ನಿಗೆ ಹೋಗಿದ್ದವು.

ತಾಲೂಕು ಆಸ್ಪತ್ರೆಯ ವರಾಂಡದಲ್ಲಿ ಕಾಯುತ್ತ ನಿಂತೆವು. ಒಳಗೆ ತಾಯಿ, ಡಾಕ್ಟರು. ಹೊರಗೆ ಮಾಸ್ತರ್ರು, ಕೋಚ್, ಔರಾದ ಶಿಕ್ಷಕಿ, ನಾನು; ಸ್ವಲ್ಪ ದೂರದಲ್ಲಿ, ಗೋಡೆಗೆ ಆತು, ಆ ಬೀದರ ಹುಡುಗಿ. ಅವಳ ಒಂದು ಕಾಲಿನಲ್ಲಿ ಬೂಟಿತ್ತು, ಇನ್ನೊಂದು ಮೈದಾನದಲ್ಲೇ ಎಲ್ಲೋ ಬಿದ್ದಿತ್ತು. ನರ್ಸ್ ಬಾಗಿಲು ತೆರೆದಾಗಲೆಲ್ಲ ಎಲ್ಲರ ತಲೆ ಎತ್ತಿಕೊಳ್ಳುತ್ತಿತ್ತು.

ಔರಾದ ಬಸ್ಸಿನ ಹೊತ್ತು ಮೀರಿತು. ತಂಡದ ಉಳಿದ ಹುಡುಗಿಯರನ್ನು ಮಾಸ್ತರ್ರು ತಮ್ಮ ಮನೆಗೆ ಕಳಿಸಿದರು. ಆಮೇಲೆ ಅವರೇ ಮಾತು ತೆಗೆದರು. ಹೊರಗೆ ಜನ ನಿಂತಿದ್ದಾರೆ, ಎರಡೂ ಕಡೆಯವರು ಬಿಸಿಯಾಗಿದ್ದಾರೆ, ಏನಾದರೂ ಫೈಸಲಾ ಹೇಳಬೇಕು ಎಂದರು. ಅಂಪೈರ್ ತಮಗೆ ಕಾಣಲಿಲ್ಲ ಎಂದುಬಿಟ್ಟಿದ್ದರು. ನನ್ನನ್ನು ಕೇಳಿದರು. ಕೈ ಚಾಚಿದ್ದು ಕಂಡೆ, ಮುಟ್ಟಿದ್ದು ನೋಡಲಿಲ್ಲ, ಕುತ್ತಿಗೆ ನೋಡುತ್ತಿದ್ದೆ ಎಂದೆ. ಕೋಚ್ ನಿಟ್ಟುಸಿರು ಬಿಟ್ಟರು. ಸಮಾಧಾನದ್ದೋ ಬೇಸರದ್ದೋ ತಿಳಿಯಲಿಲ್ಲ.

ಮಾಸ್ತರ್ರ ಕೈ ಭುಜದ ಟಾವೆಲಿನ ಮೇಲೆ ಹೋಯಿತು. ಅರ್ಧ ವರ್ಷ ಇವರು ಹಾಲಿನಲ್ಲಿ ಆಡಲಿ, ಅರ್ಧ ವರ್ಷ ಅವರು ಆಡಲಿ ಎಂದು ಶುರುಮಾಡಿದರು. ಮಾತಾಡುವಾಗಲೂ ಅವರ ಕಣ್ಣು ಒಳಗಿನ ಬಾಗಿಲ ಕಡೆಗೇ ಇತ್ತು. ಅವರಿಗೂ ಆ ಹುಡುಗಿ ಮೊಮ್ಮಗಳ ವಯಸ್ಸಿನವಳು. ಆದರೆ ಆ ‘ಅರ್ಧ’ ಎಂಬ ಮಾತನ್ನು ಇನ್ನೊಮ್ಮೆ ಕೇಳಲಾರದಾದೆ. ನಾನು ಕಿಟಕಿಯ ಕಡೆ ತಿರುಗಿ ನಿಂತೆ.

“ಆಕಿ ಮುಟ್ಟಿದ್ಳ್ರಿ.”

ಬೀದರ ಹುಡುಗಿ ಗೋಡೆ ಬಿಟ್ಟು ಬಂದಿರಲಿಲ್ಲ. ಅಲ್ಲಿಂದಲೇ ಹೇಳಿದಳು.

“ನಿನಗ ಯಾರು ಕೇಳ್ಯಾರ?” ಎಂದರು ಕೋಚ್.

“ಯಾರೂ ಕೇಳಲಿಲ್ರಿ ಸರ್. ಅದಕ್ಕೇ ಹೇಳ್ಲಿಕತ್ತೀನಿ. ನಾ ತಳಗ ಇದ್ದೆ. ನೆಲದ ಮ್ಯಾಲಿಂದ ಆಕಿ ಕೈ ನನಗ ನೆಟ್ಟಗ ಕಾಣತಿತ್ತು. ಮಣ್ಣು ಮುಟ್ಟಿತ್ತು, ಬಾಯಿನೂ ನಡದಿತ್ತು. ಮುಟ್ಟಿದ ಮ್ಯಾಲ ನಾ ಕಾಲು ಬಿಟ್ಟೆ. ಮ್ಯಾಲಿನವರಿಗಿ ಕಾಣಲಿಲ್ಲ, ಅವರು ಬಿಡಲಿಲ್ಲ.”

ಕೋಚ್ ಅವಳ ಕಡೆ ಎರಡು ಹೆಜ್ಜೆ ಹೋದರು. ಇಷ್ಟು ವರ್ಷ ಕಲಿಸಿದ್ದಕ್ಕೆ ಇದಾ ಎಂಬಂತೆ ಅವಳನ್ನು ನೋಡಿದರು. ಮೈದಾನಕ್ಕೆ ಇಳಿಯುತ್ತೇವೆ, ನಿನಗೆ ತಿಳಿದಿದೆಯಲ್ಲ ಎಂದು ಕೇಳಿದರು. ಗೊತ್ತದ ಎಂದಳು. ಅಷ್ಟಾದ ಮೇಲೆ ಅವರು ಮಾಸ್ತರ್ರ ಕಡೆ ತಿರುಗಿ ಬರೆದುಕೊಳ್ಳಿರಿ ಎಂದರು, ಹೊರಗೆ ಹೋಗಿ ಕಟ್ಟೆಯ ಮೇಲೆ ಒಬ್ಬರೇ ಕುಳಿತರು. ಔರಾದ ಶಿಕ್ಷಕಿ ಗೆದ್ದವರ ಮುಖ ಮಾಡಲಿಲ್ಲ. ಹುಡುಗಿಯ ಬರಿಗಾಲನ್ನು ನೋಡಿ, ತಮ್ಮ ಚಪ್ಪಲಿ ಬಿಟ್ಟು ಅವಳ ಕಡೆ ಸರಿಸಿದರು. ಅವಳು ಹಾಕಿಕೊಳ್ಳಲಿಲ್ಲ.

ಗೆಲುವು ಬಂದಿತ್ತು. ಆದರೆ ಈಗ ಅದು ಯಾರಿಗೆ ಬೇಕಾಗಿತ್ತು? ಒಳಗಿದ್ದ ತಾಯಿ ಊಹೂಂ ಅಂದರೆ ಹಾಲ್ ಗುಂಪೂ ಇಲ್ಲ, ಮೈದಾನ ಗುಂಪೂ ಇಲ್ಲ. ಕತ್ತಲಾದ ಮೇಲೆ ಟೆಂಪೋದಲ್ಲಿ ಬರುವುದಕ್ಕೇ ಹೆದರಿದ್ದ ಮನೆಗಳು ಇದನ್ನು ಕೇಳಿದ ಮೇಲೆ ಯಾರನ್ನು ಕಳಿಸುತ್ತವೆ?

ಬಾಗಿಲು ತೆರೆಯಿತು. ತಾಯಿ ಬಂದಳು. ಬೆರಳು ಆಡುತ್ತಿವೆ ಎಂದಳು. ಇರುವೆ ಹರಿದಂತಾಗುತ್ತಿದೆ ಅಂತೆ, ಆದರೆ ಆಡುತ್ತಿವೆ. ಬೀದರಕ್ಕೆ ಕರೆದುಕೊಂಡು ಹೋಗಿ ಸ್ಕ್ಯಾನ್ ಮಾಡಿಸಬೇಕಂತೆ. ಹೇಳುವಷ್ಟು ಹೇಳಿ ಬೆಂಚಿನ ಮೇಲೆ ಕುಳಿತು, ಬುತ್ತಿಯ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಶಿಕ್ಷಕಿ ಮೆಲ್ಲಗೆ, ನಿಮ್ಮ ಮಗಳು ಮುಟ್ಟಿದ್ದಳಂತೆ, ಗೆದ್ದಿದ್ದೇವೆ ಎಂದರು. ತಾಯಿ ಬುತ್ತಿಯ ಗಂಟಿನ ಮೇಲೆ ಕೈ ಆಡಿಸಿದಳು. ನನ್ನನ್ನು ನೋಡಿದಳು. ಮೈದಾನದಲ್ಲಿ ಪಾಯಿಂಟು ಕೇಳಿದಂತೆಯೇ ಕೇಳಿದಳು.

“ಅಲ್ಲಿ ಬೀದರದಾಗ, ನೆಲ ಪೂರಾ ಒಂದೇ ಇರ್ತದೇನ್ರಿ ಮೇಡಂ? ನಡುವ ಅಂಚು ಇರಂಗಿಲ್ಲಲ್ರಿ?”

“ಇರಂಗಿಲ್ಲ,” ಎಂದೆ. ನನ್ನ ಬಾಯಲ್ಲಿ ಅವಳ ಮಾತೇ ಬಂತು.

“ನೀವು ನೋಡೀರಿ?”

ಹಾಲನ್ನು ನೂರು ಸಲ ನೋಡಿದ್ದೆ, ನೆಲವನ್ನು ನೋಡಿರಲಿಲ್ಲ. ಹಾಗೆಂದೇ ಹೇಳಿದೆ. ಅವಳು ಗಂಟು ಬಿಚ್ಚಿ, ರೊಟ್ಟಿ ಮುರಿದು, ಮೊದಲ ತುಣುಕನ್ನು ಗೋಡೆಯ ಹತ್ತಿರ ನಿಂತಿದ್ದ ಬೀದರ ಹುಡುಗಿಗೆ ಚಾಚಿದಳು.

“ಹಂಗಾದ್ರ ಮೊದಲ ನೀವು ಅದರ ಮ್ಯಾಲ ಬರಿಗಾಲಲೆ ಅಡ್ಡಾಡಿ ನೋಡ್ರಿ. ಆಮ್ಯಾಲ ಕಳಸ್ತೇವಿ.”

ನಿಯಮಗಳನ್ನು ಆಮೇಲೆ ಹೊಸದಾಗಿ ಬರೆದೆವು. ನಿರ್ಣಾಯಕ ಪಂದ್ಯ ಈಗ ಎರಡು, ಒಂದು ಮ್ಯಾಟಿನ ಮೇಲೆ, ಒಂದು ಮಣ್ಣಿನಲ್ಲಿ, ಬೇರೆ ಬೇರೆ ದಿನ. ಪಾಯಿಂಟು ಕೂಡಿಸಿ ನೋಡುತ್ತೇವೆ. ಮೈದಾನದ ಪಂದ್ಯಗಳೂ ರಜೆಯ ದಿನ ಬೆಳಿಗ್ಗೆ. ಇದು ಪೂರ್ತಿ ನ್ಯಾಯವೇ ಎಂದು ನನ್ನ ವಿದ್ಯಾರ್ಥಿಗಳು ಕೇಳಿದರೆ ಹೌದು ಎನ್ನಲಾರೆ. ಮಾಸ್ತರ್ರು ಈಗ ಸಭೆಗೆ ಬಂದರೂ ಟಾವೆಲ್ ಬಿಚ್ಚುವುದಿಲ್ಲ. ಬೀದರ ತಂಡ ಆ ವರ್ಷ ಚಿಂತಾಕಿಯ ಮಣ್ಣಿನಲ್ಲಿ ಬರಿಗಾಲಲ್ಲಿ ಆಡಿತು. ಹಿಮ್ಮಡಿ ಹಿಡಿದ ಹುಡುಗಿಗೆ ಅಲ್ಲಿನ ಮನೆಗಳಲ್ಲಿ ಊಟ ತಪ್ಪಿಸಿಕೊಳ್ಳಲು ಆಗಲಿಲ್ಲವಂತೆ.

ನಾನು ಮಾತ್ರ ಪ್ರತಿ ಪಂದ್ಯಕ್ಕೂ ಹಾಲಿಗೆ ಬೇಗ ಹೋಗುತ್ತೇನೆ. ಚಪ್ಪಲಿ ಬಾಗಿಲಲ್ಲಿ ಬಿಟ್ಟು, ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ, ಮತ್ತೆ ನಡುಗೆರೆಯ ಉದ್ದಕ್ಕೆ ನಡೆಯುತ್ತೇನೆ. ಪ್ರತಿ ಸಂದಿಯನ್ನೂ ಹೆಬ್ಬೆರಳಿನಿಂದ ಒತ್ತುತ್ತೇನೆ. ಕಸ ಗುಡಿಸಲು ಬಂದವರು ಮೊದಲು ನಗುತ್ತಿದ್ದರು, ಈಗ ನಾನು ಮುಗಿಸುವವರೆಗೆ ಕಾಯುತ್ತಾರೆ.

ಔರಾದ ಹುಡುಗಿ ಬಹಳ ತಿಂಗಳ ಮೇಲೆ, ಡಾಕ್ಟರು ಒಪ್ಪಿದ ಮೇಲೆ, ಅದೇ ಹಾಲಿನಲ್ಲಿ ಮತ್ತೆ ಆಡಲು ಇಳಿದಳು. ಮೊದಲ ಪಂದ್ಯದಲ್ಲೇ ಅವಳನ್ನು ಗೆರೆಯ ಹತ್ತಿರ ಹಿಡಿದರು. ಇಬ್ಬರು ಮೇಲೆ ಬಿದ್ದರು. ದಮ್ಮು ಸಣ್ಣಗಾಯಿತು. ನನಗೆ ಬೇರೇನೂ ಕಾಣಿಸಲಿಲ್ಲ, ಕೇಳಿಸಲಿಲ್ಲ. ಆಮೇಲೆ ಅವಳು ಗೆರೆಯ ಈಚೆ ಎದ್ದು ನಿಂತು, ಜೆರ್ಸಿ ಕೊಡವಿಕೊಂಡು, ನನ್ನ ಕಡೆ ನೋಡುತ್ತಿದ್ದಳು.

“ಯಾಕ ನಿಂತೀರಿ ಮೇಡಂ? ಕೂಡ್ರಿ. ಹಿಂದ ಅವ್ವಗ ಕಾಣ್ಸವಲ್ದು.”

ನಾನು ನಿಂತಿದ್ದೇನೆ ಎಂಬುದು ಆಗಲೇ ನನಗೆ ಗೊತ್ತಾದದ್ದು. ಕುಳಿತೆ. ಪಾಯಿಂಟು ಬರೆದೆ.